ಮೊದಲ ನಲವತ್ತಾರಕ್ಕೆ ಹೆಣ್ಣು ಕೊಟ್ಟವರು ಯಾರು?

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ, ಚಿಂಪಾಂಜಿಯ ಜೀವಕೋಶದಲ್ಲಿ 48. ಪ್ರೌಢಶಾಲೆ ದಾಟಿದ ಮಕ್ಕಳಲ್ಲಿ ಅನೇಕರಿಗೆ ಈ ಎರಡು ಅಂಕೆಗಳೂ ಬಾಯಿಪಾಠ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಚುರುಕು ಹುಡುಗಿಯೊಬ್ಬಳು ತರಗತಿಯಲ್ಲಿದ್ದರೆ ಮೇಷ್ಟರಿಗೆ ಪೇಚಾಟ ತಪ್ಪಿದ್ದಲ್ಲ. ಮನುಷ್ಯನಿಗೂ ಚಿಂಪಾಂಜಿಗೂ ಒಂದೇ ಪೂರ್ವಜ ಎನ್ನುತ್ತೀರಿ. ಆ ಪೂರ್ವಜನಿಗೆ 48 ವರ್ಣತಂತುಗಳಿದ್ದವು ಎನ್ನುತ್ತೀರಿ. ಹಾಗಾದರೆ ಎಂದೋ ಒಂದು ದಿನ, ಆಫ್ರಿಕದ ಯಾವುದೋ ಕಾಡಿನಂಚಿನಲ್ಲಿ, 46 ವರ್ಣತಂತುಗಳ ಮೊದಲ ಮರಿಯೊಂದು ಹುಟ್ಟಿರಲೇಬೇಕು. ಅದು ಬೆಳೆದು ದೊಡ್ಡದಾದ ಮೇಲೆ ಅದಕ್ಕೆ ಜೋಡಿ ಯಾರು? ಸುತ್ತಲಿದ್ದವರೆಲ್ಲ 48ರವರೇ ಅಲ್ಲವೇ?

ಪ್ರಶ್ನೆ ತಮಾಷೆಯದಲ್ಲ. ಜೀವವಿಕಾಸವನ್ನು ಒಪ್ಪದವರು ಇದನ್ನೇ ವಾದ ಗೆದ್ದವರ ಧಾಟಿಯಲ್ಲಿ ಕೇಳುತ್ತಾರೆ. ಒಪ್ಪಿದವರು ಎಷ್ಟೋ ಸಲ ಉತ್ತರ ಗೊತ್ತಿಲ್ಲದೆ ಮಾತು ತೇಲಿಸುತ್ತಾರೆ. ಸಂದೇಹಕ್ಕೆ ಬಲ ಕೊಡಲು ಹೇಸರಗತ್ತೆ ಬೇರೆ ಇದೆ. ಕುದುರೆಗೆ 64 ವರ್ಣತಂತು, ಕತ್ತೆಗೆ 62, ಎರಡಕ್ಕೂ ಹುಟ್ಟಿದ ಹೇಸರಗತ್ತೆಗೆ 63. ಅದು ಹೊರೆ ಹೊರುವುದರಲ್ಲಿ ಗಟ್ಟಿ, ಸಂತಾನದ ವಿಷಯದಲ್ಲಿ ಗೊಡ್ಡು. 48ಕ್ಕೂ 46ಕ್ಕೂ ಗಂಟು ಹಾಕಿದರೆ ಅಲ್ಲಿಯೂ ಅದೇ ಕಥೆಯಾಗಬೇಕಿತ್ತಲ್ಲ?

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಡಲಾಯಿತು. ಹತ್ತರ ನಂತರ ಜೀವಶಾಸ್ತ್ರ ಆರಿಸಿಕೊಂಡವರಿಗೆ ಮಾತ್ರ ಹನ್ನೆರಡನೆಯ ತರಗತಿಯಲ್ಲಿ ಅದು ಸಿಗುತ್ತದೆ. ವಾಣಿಜ್ಯ, ಕಲೆ ಆರಿಸಿಕೊಂಡವರಿಗೆ ಹೀಗೊಂದು ಪ್ರಶ್ನೆ ಇದೆ ಎಂಬುದೇ ತಿಳಿಯದೆ ಹೋಗಬಹುದು. ಪ್ರಶ್ನೆ ಇಷ್ಟು ಸೊಗಸಾಗಿರುವಾಗ ಅದು ದುಃಖದ ಸಂಗತಿ.

ಎಣಿಕೆಯೇ ತಪ್ಪಾಗಿದ್ದ ಕಾಲ

ಮನುಷ್ಯನಿಗೂ 48 ವರ್ಣತಂತುಗಳೇ ಇವೆ ಎಂದು ಜಗತ್ತು ಮೂರು ದಶಕಗಳಿಗೂ ಮೀರಿ ನಂಬಿತ್ತು. 1923ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಥಿಯೋಫಿಲಸ್ ಪೇಂಟರ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಡಿ ಎಣಿಸಿ ಹೇಳಿದ ಅಂಕೆ ಅದು. ಆ ಕಾಲದ ಕ್ರಮದಲ್ಲಿ ಕೋಶದೊಳಗಿನ ವರ್ಣತಂತುಗಳು ಒಂದರ ಮೇಲೊಂದು ಬಿದ್ದು, ಬೇಯಿಸಿದ ಶಾವಿಗೆಯಂತೆ ಮುದ್ದೆಯಾಗಿ ಕಾಣುತ್ತಿದ್ದವು. ಎಣಿಸುವುದೆಂದರೆ ಅರ್ಧ ಊಹೆ.

1955ರ ಕೊನೆಯಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ, ಜಾವಾದಲ್ಲಿ ಹುಟ್ಟಿದ ಜೋ ಹಿನ್ ಟ್ಜಿಯೋ ಎಂಬಾತ ಕೋಶಗಳನ್ನು ತೆಳು ದ್ರಾವಣದಲ್ಲಿ ಉಬ್ಬಿಸಿ, ಕಾಲ್ಚಿಸಿನ್ ಹಾಕಿ ವಿಭಜನೆಯನ್ನು ನಡುವಿನಲ್ಲೇ ತಡೆದು, ಗಾಜಿನ ಮೇಲೆ ಒತ್ತಿ ಹರಡಿ ನೋಡಿದ. ವರ್ಣತಂತುಗಳು ಬಿಡಿಬಿಡಿಯಾಗಿ ಕಂಡವು. ಎಷ್ಟು ಸಲ ಎಣಿಸಿದರೂ 46. ಮರುವರ್ಷ ಟ್ಜಿಯೋ ಮತ್ತು ಆಲ್ಬರ್ಟ್ ಲೆವನ್ ಈ ಫಲಿತಾಂಶವನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ ಬೇರೆ ಸಂಶೋಧಕರಿಗೆ ಯಕೃತ್ತಿನ ಕೋಶಗಳಲ್ಲಿ 46 ಮಾತ್ರ ಸಿಕ್ಕಿತ್ತಂತೆ. ಪುಸ್ತಕದಲ್ಲಿ 48 ಎಂದಿದೆ, ನಾವೇ ಎಲ್ಲೋ ಎಡವಿದ್ದೇವೆ ಎಂದು ಅವರು ಆ ಕೆಲಸವನ್ನೇ ಬಿಟ್ಟಿದ್ದರು. ಪ್ರಯೋಗದ ಉತ್ತರವನ್ನು ಗೈಡಿನ ಉತ್ತರಕ್ಕೆ ಹೊಂದಿಸಿ ಬರೆಯುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ಹೇಳಬೇಕು.

ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್‌ಗಳನ್ನೂ ಹೊಸ ಕ್ರಮದಲ್ಲಿ ಎಣಿಸಿದಾಗ ಮೂರಕ್ಕೂ 48 ಬಂತು. ಮೂವರು ದಾಯಾದಿಗಳಲ್ಲಿ ಒಂದೇ ಅಂಕೆಯಿದ್ದು ನಾಲ್ಕನೆಯವನದು ಮಾತ್ರ ಬೇರೆಯಾಗಿದ್ದರೆ ಬದಲಾದವನು ನಾಲ್ಕನೆಯವನೇ ಎಂದು ಊಹಿಸುವುದು ಸಹಜ. ಹಾಗಾದರೆ ಮನುಷ್ಯನ ಕವಲಿನಲ್ಲಿ ಒಂದು ಜೊತೆ ವರ್ಣತಂತು ಕಾಣೆಯಾಯಿತು. ಕಳೆದುಹೋಯಿತೇ? ಸಾಧ್ಯವಿಲ್ಲ. ಒಂದಿಡೀ ಜೊತೆ ವರ್ಣತಂತುವೆಂದರೆ ನೂರಾರು ಜೀನುಗಳು. ಅವಿಲ್ಲದೆ ಭ್ರೂಣ ಬದುಕುವುದಿಲ್ಲ.

ಒಂದೇ ರಟ್ಟಿನಲ್ಲಿ ಎರಡು ಸಂಪುಟ

1982ರಲ್ಲಿ ಅಮೆರಿಕದ ಮಿನೆಸೊಟ ವಿಶ್ವವಿದ್ಯಾಲಯದ ಜಾರ್ಜ್ ಯೂನಿಸ್ ಮತ್ತು ಓಂ ಪ್ರಕಾಶ್ ಈ ನಾಲ್ವರ ವರ್ಣತಂತುಗಳಿಗೆ ಬಣ್ಣ ಹಾಕಿ, ಅವುಗಳ ಮೇಲೆ ಮೂಡುವ ಕಪ್ಪು ಬಿಳುಪು ಪಟ್ಟೆಗಳನ್ನು ಸಾಲಾಗಿ ಜೋಡಿಸಿ ಹೋಲಿಸಿದರು. ಪಟ್ಟೆಗೆ ಪಟ್ಟೆ ಹೊಂದುತ್ತಾ ಹೋಯಿತು. ಮನುಷ್ಯನ ಎರಡನೆಯ ವರ್ಣತಂತುವಿಗೆ ಮಾತ್ರ ಚಿಂಪಾಂಜಿಯಲ್ಲಿ ಸರಿಸಾಟಿಯಾದ ಒಂದು ತಂತು ಸಿಗಲಿಲ್ಲ. ಅದರ ಬದಲು ಎರಡು ಗಿಡ್ಡ ತಂತುಗಳನ್ನು ತುದಿಗೆ ತುದಿ ಹಚ್ಚಿದರೆ ಪಟ್ಟೆಗಳು ಸರಿಯಾಗಿ ಕೂಡಿದವು.

ಇದು ಕಣ್ಣಳತೆಯ ಸಾಕ್ಷ್ಯ. ಗಟ್ಟಿ ಸಾಕ್ಷ್ಯ ಬಂದದ್ದು 1991ರಲ್ಲಿ, ಯೇಲ್ ವಿಶ್ವವಿದ್ಯಾಲಯದಿಂದ. ಪ್ರತಿ ವರ್ಣತಂತುವಿನ ಎರಡು ತುದಿಗಳಲ್ಲೂ ಟೆಲೊಮಿಯರ್ ಎಂಬ ಕಾಪು ಇರುತ್ತದೆ. ಬೂಟಿನ ಲೇಸಿನ ತುದಿ ಬಿಚ್ಚದಂತೆ ಹಾಕಿದ ಪ್ಲಾಸ್ಟಿಕ್ ಟೋಪಿಯ ಹಾಗೆ. ಅಲ್ಲಿ ಟಿಟಿಎಜಿಜಿಜಿ ಎಂಬ ಆರು ಅಕ್ಷರಗಳ ಡಿಎನ್‌ಎ ಪದ ಮತ್ತೆ ಮತ್ತೆ ಬರುತ್ತದೆ. ತುದಿಯಲ್ಲಿರಬೇಕಾದ ಈ ಜಪ ಮನುಷ್ಯನ ಎರಡನೆಯ ವರ್ಣತಂತುವಿನ ಒಡಲಿನಲ್ಲಿ ಸಿಕ್ಕಿತು. ಅದೂ ಎರಡು ಸರಣಿಗಳು ಒಂದಕ್ಕೊಂದು ಎದುರುಬದುರಾಗಿ.

ಎರಡು ಸಂಪುಟಗಳ ಪುಸ್ತಕವನ್ನು ಬೈಂಡ್ ಮಾಡುವವನು ಒಂದೇ ಪುಸ್ತಕವಾಗಿ ಹೊಲಿದ ಎನ್ನಿ. ಒಳಗಿನ ರಟ್ಟುಗಳನ್ನು ಕಿತ್ತುಹಾಕಲು ಮರೆತರೆ ನಡುವಿನಲ್ಲಿ ಮೊದಲ ಸಂಪುಟದ ಹಿಂದಿನ ರಟ್ಟು, ಅದಕ್ಕೆ ಅಂಟಿಕೊಂಡು ಎರಡನೆಯದರ ಮುಂದಿನ ರಟ್ಟು ಸಿಗುತ್ತವೆ. ಇಲ್ಲಿ ಆದದ್ದೂ ಅದೇ. ಕೋಶ ವಿಭಜನೆಯಾಗುವಾಗ ವರ್ಣತಂತುವನ್ನು ಹಿಡಿದೆಳೆಯಲು ಸೆಂಟ್ರೊಮಿಯರ್ ಎಂಬ ಹಿಡಿ ಇರುತ್ತದೆ. ಎರಡು ತಂತು ಕೂಡಿದ ಮೇಲೆ ಹಿಡಿಗಳೂ ಎರಡಾಗಬೇಕು. ಒಂದು ಈಗಲೂ ಕೆಲಸ ಮಾಡುತ್ತಿದೆ. ಇನ್ನೊಂದು ನಿಷ್ಕ್ರಿಯವಾಗಿ, ಹಳೆಯ ಬಾವಿಯ ಕಲ್ಲುಕಟ್ಟಿನಂತೆ ಗುರುತು ಮಾತ್ರ ಉಳಿಸಿಕೊಂಡಿದೆ. 2005ರಲ್ಲಿ ಈ ವರ್ಣತಂತುವಿನ ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಓದಿ ಪ್ರಕಟಿಸಿದಾಗ ಎರಡು ಗುರುತುಗಳೂ ಅಲ್ಲಿ ಇದ್ದವು.

ಪುಟಗಳು ಹೆಚ್ಚುಕಡಿಮೆ ಅವೇ, ಪುಸ್ತಕಗಳ ಸಂಖ್ಯೆ ಮಾತ್ರ ಕಡಿಮೆ.

46ಕ್ಕೆ ಮುಂಚೆ 47

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅದರಲ್ಲೊಂದು ಸಣ್ಣ ತೊಡಕಿದೆ. ಮೊದಲು ಹುಟ್ಟಿದ್ದು 46ರ ಮರಿಯಲ್ಲ.

ಮಗುವಿಗೆ ಅರ್ಧ ವರ್ಣತಂತು ತಾಯಿಯಿಂದ, ಅರ್ಧ ತಂದೆಯಿಂದ. 48ರ ಕಾಲದಲ್ಲಿ ಅಂಡದಲ್ಲಿ 24, ವೀರ್ಯಾಣುವಿನಲ್ಲಿ 24. ಯಾರೋ ಒಬ್ಬರ ಅಂಡದಲ್ಲೋ ವೀರ್ಯಾಣುವಿನಲ್ಲೋ ಎರಡು ತಂತುಗಳು ಬೆಸೆದುಕೊಂಡವು. 24 ಇರಬೇಕಾದಲ್ಲಿ 23 ಆದವು. ಎದುರಿನಿಂದ ಎಂದಿನಂತೆ 24 ಬಂದವು. ಹುಟ್ಟಿದ ಮರಿಗೆ 47. ಅದರ ಜೀನುಗಳು ಒಂದೂ ಕೊರತೆಯಿಲ್ಲದೆ ಜೋಡಿಯಾಗಿಯೇ ಇದ್ದುದರಿಂದ ಅದು ತನ್ನ ಅಣ್ಣತಮ್ಮಂದಿರಂತೆಯೇ ಬೆಳೆದಿರಬೇಕು. ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಅದಕ್ಕೂ ತಿಳಿಯುತ್ತಿರಲಿಲ್ಲ.

ಕಷ್ಟ ಬರುವುದು ಆ ಮರಿ ದೊಡ್ಡದಾಗಿ ತನ್ನ ಅಂಡ ಅಥವಾ ವೀರ್ಯಾಣುಗಳನ್ನು ತಯಾರಿಸುವಾಗ. ಆಗ ತಂತುಗಳು ಜೋಡಿಜೋಡಿಯಾಗಿ ನಿಂತು ಬೇರೆಯಾಗಬೇಕು. ಬೆಸೆದ ಉದ್ದ ತಂತುವಿನ ಎದುರು ಎರಡು ಗಿಡ್ಡ ತಂತುಗಳು ಬಂದು ನಿಲ್ಲುತ್ತವೆ. ಉದ್ದದ್ದು ಒಂದು ಕಡೆ, ಗಿಡ್ಡವೆರಡೂ ಇನ್ನೊಂದು ಕಡೆ ಹೋದರೆ ಲೆಕ್ಕ ಸರಿ. ಉದ್ದದರ ಜೊತೆ ಒಂದು ಗಿಡ್ಡ ಹೋಯಿತೋ ಲೆಕ್ಕ ತಪ್ಪಿತು. ಅಂಥ ಗರ್ಭ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಂದರೆ 47ರ ಪ್ರಾಣಿಗೆ ಮಕ್ಕಳು ಒಂದಿಷ್ಟು ಕಡಿಮೆಯಾಗಬಹುದು. ಮಕ್ಕಳೇ ಆಗುವುದಿಲ್ಲ ಎಂದಲ್ಲ.

ಇದು ಬರಿಯ ಕಾಗದದ ಮೇಲಿನ ಲೆಕ್ಕವಲ್ಲ. ನಮ್ಮ ನಡುವೆಯೇ ಸುಮಾರು ಸಾವಿರಕ್ಕೊಬ್ಬರು 45 ವರ್ಣತಂತುಗಳೊಡನೆ ಆರೋಗ್ಯವಾಗಿ ಓಡಾಡಿಕೊಂಡಿದ್ದಾರೆ. 13, 14, 15, 21, 22ನೆಯ ವರ್ಣತಂತುಗಳಿಗೆ ಹಿಡಿ ಒಂದು ತುದಿಯ ಹತ್ತಿರವೇ ಇರುವುದರಿಂದ ಅವುಗಳಲ್ಲಿ ಎರಡು ಸುಲಭವಾಗಿ ಬೆಸೆದುಕೊಳ್ಳುತ್ತವೆ. ಬೆಸುಗೆಯ ಜಾಗ ನಮ್ಮ ಎರಡನೆಯ ತಂತುವಿನದರಂತಲ್ಲ, ಆದರೆ ಪರಿಣಾಮದ ಲೆಕ್ಕ ಒಂದೇ. ಒಂದು ಕೋಟಿ ಜನರ ಊರಿನಲ್ಲಿ ಇಂಥವರು ಹತ್ತು ಸಾವಿರದಷ್ಟು. ಬಹುಪಾಲು ಜನರಿಗೆ ಇದು ಸಾಯುವವರೆಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಪದೇ ಪದೇ ಗರ್ಭಪಾತವಾಗಿ ವೈದ್ಯರು ಗಂಡಹೆಂಡಿರಿಬ್ಬರ ರಕ್ತವನ್ನೂ ವರ್ಣತಂತು ಪರೀಕ್ಷೆಗೆ ಕಳಿಸಿದಾಗ, ಇಲ್ಲವೇ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದಾಗ. ಡೌನ್ ಸಿಂಡ್ರೋಮ್ ಪ್ರಕರಣಗಳಲ್ಲಿ ನೂರಕ್ಕೆ ಮೂರು ನಾಲ್ಕರಲ್ಲಿ ಕಾರಣ 21ನೆಯ ತಂತು ಇನ್ನೊಂದಕ್ಕೆ ಬೆಸೆದಿರುವುದು. ಬೆಸುಗೆ ಗಂಡನ ಕಡೆಯಿಂದಲೂ ಬಂದಿರಬಹುದು, ಹೆಂಡತಿಯ ಕಡೆಯಿಂದಲೂ ಬಂದಿರಬಹುದು, ಆ ಮಗುವಿನಲ್ಲೇ ಹೊಸದಾಗಿ ಆಗಿರಲೂಬಹುದು. ಗರ್ಭ ನಿಲ್ಲದಿದ್ದಾಗ ಸೊಸೆಯತ್ತಲೇ ಬೆರಳು ತೋರಿಸುವ ಮನೆಗಳಲ್ಲಿ ಇಷ್ಟು ಜೀವಶಾಸ್ತ್ರ ತಿಳಿದಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ಇನ್ನು 47ರಿಂದ 46ಕ್ಕೆ ಒಂದೇ ಹೆಜ್ಜೆ. 47ರ ಮಕ್ಕಳಲ್ಲಿ ಬದುಕಿ ಉಳಿದವರು ಸರಿಸುಮಾರು ಅರ್ಧ 47, ಅರ್ಧ 48. ಒಂದೆರಡು ತಲೆಮಾರಿನಲ್ಲಿ ಆ ಗುಂಪಿನಲ್ಲಿ 47ರ ಹತ್ತಾರು ದಾಯಾದಿಗಳು. ಅವರಲ್ಲಿ ಇಬ್ಬರು ಕೂಡಿದರೆ ಮೆಂಡಲನ ಬಟಾಣಿ ಲೆಕ್ಕವೇ: ನಾಲ್ಕು ಮಕ್ಕಳಲ್ಲಿ ಒಂದಕ್ಕೆ 48, ಎರಡಕ್ಕೆ 47, ಒಂದಕ್ಕೆ 46. ಸಣ್ಣ ಗುಂಪಿನಲ್ಲಿ ದಾಯಾದಿಗಳು ಕೂಡದೆ ಗತ್ಯಂತರವಿಲ್ಲ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೀನಾದಲ್ಲಿ ಹೀಗೆ ಆಗಿಯೂ ಇದೆ. ತಂದೆ ತಾಯಿ ಇಬ್ಬರೂ ಹತ್ತಿರದ ಸಂಬಂಧಿಗಳು, ಇಬ್ಬರಲ್ಲೂ 14 ಮತ್ತು 15ನೆಯ ತಂತುಗಳ ಬೆಸುಗೆ. ಮಗನಿಗೆ 44 ವರ್ಣತಂತು. ಆರೋಗ್ಯವಂತನಾದ ಆ ಯುವಕನ ವಿಷಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂಕೆಯನ್ನೇ ನಂಬುವುದಾದರೆ ಆತನನ್ನು ಹೊಸ ಪ್ರಭೇದ ಎನ್ನಬೇಕು. ಯಾರೂ ಹಾಗೆನ್ನುವುದಿಲ್ಲ.

ಹಾಗಾದರೆ ಹೇಸರಗತ್ತೆ? ಮಂಗೋಲಿಯದ ಹುಲ್ಲುಗಾಡಿನಲ್ಲಿ ಪ್ರಝೆವಾಲ್‌ಸ್ಕಿ ಎಂಬ ಕಾಡುಕುದುರೆ ಇದೆ. ಅದಕ್ಕೆ 66 ವರ್ಣತಂತು. ಊರ ಕುದುರೆಯೊಡನೆ ಕೂಡಿ ಹುಟ್ಟಿದ ಮರಿಗೆ 65. ಆ ಮರಿ ಗೊಡ್ಡಲ್ಲ, ಸಲೀಸಾಗಿ ಸಂತಾನ ಪಡೆಯುತ್ತದೆ. 63 ಗೊಡ್ಡು, 65 ಗೊಡ್ಡಲ್ಲ, ಎರಡೂ ಬೆಸಸಂಖ್ಯೆಗಳೇ! ಕುದುರೆಯೂ ಕತ್ತೆಯೂ ಬೇರೆಯಾಗಿ ಸುಮಾರು 40 ಲಕ್ಷ ವರ್ಷಗಳಾಗಿವೆ. ಅಷ್ಟರಲ್ಲಿ ಎರಡರ ವರ್ಣತಂತುಗಳೂ ಹತ್ತಾರು ಕಡೆ ಮುರಿದು ಮಗುಚಿ ಬೇರೆ ಬೇರೆ ಆಗಿವೆ. ಕುದುರೆ ಮತ್ತು ಪ್ರಝೆವಾಲ್‌ಸ್ಕಿ ಅಗಲಿ ಕೆಲವು ಹತ್ತು ಸಾವಿರ ವರ್ಷಗಳಷ್ಟೇ. ಹೇಸರಗತ್ತೆಯನ್ನು ಗೊಡ್ಡಾಗಿಸಿದ್ದು ಒಂದಂಕಿಯ ಹೆಚ್ಚುಕಡಿಮೆಯಲ್ಲ, ಅಗಲಿದ ಕಾಲದ ಉದ್ದ.

42ರ ದೊಡ್ಡ ಮನೆತನ

ಕರ್ನಾಟಕದ ಕಾಡುಮೇಡುಗಳಲ್ಲೇ ಇದಕ್ಕೆ ಪುರಾವೆ ಸಿಗುತ್ತದೆ. ಬೆಟ್ಟದ ಮೇಲಿನ ದೇವಸ್ಥಾನಗಳಲ್ಲಿ ಬಾಳೆಹಣ್ಣು ಕಿತ್ತುಕೊಂಡು ಓಡುವ, ನೆತ್ತಿಯ ಮೇಲೆ ಬೈತಲೆ ತೆಗೆದಂತಿರುವ ಕೋತಿ ಬಾನೆಟ್ ಮಕಾಕ್. ಅದಕ್ಕೆ 42 ವರ್ಣತಂತು. ಪಶ್ಚಿಮಘಟ್ಟದ ದಟ್ಟ ಕಾಡಿನಲ್ಲಿ ಮರ ಬಿಟ್ಟು ಇಳಿಯಲೊಲ್ಲದ, ಮುಖದ ಸುತ್ತ ಬೂದುಬಣ್ಣದ ಕೇಸರವಿರುವ ಸಿಂಗಳೀಕಕ್ಕೂ 42. ಉತ್ತರ ಭಾರತದ ರೀಸಸ್ ಕೋತಿಗೂ 42. ಏಷ್ಯ ಮತ್ತು ಉತ್ತರ ಆಫ್ರಿಕಗಳಲ್ಲಿ ಹರಡಿರುವ ಇಪ್ಪತ್ತಕ್ಕೂ ಹೆಚ್ಚು ಮಕಾಕ್ ಪ್ರಭೇದಗಳಿಗೆಲ್ಲ 42. ಆಫ್ರಿಕದ ಬಬೂನ್‌ಗಳಿಗೂ ಅಷ್ಟೇ. ಅಂಕೆ ಅಲ್ಲಾಡಿಯೇ ಇಲ್ಲ, ಪ್ರಭೇದಗಳು ಮಾತ್ರ ಒಂದರ ಹಿಂದೊಂದು ಹುಟ್ಟಿವೆ.

ಇದಕ್ಕೆ ತದ್ವಿರುದ್ಧ ಗಿಬ್ಬನ್‌ಗಳ ಸಂಸಾರ. ಅಸ್ಸಾಮಿನ ಕಾಡುಗಳಲ್ಲಿ ಕೂಗುವ ಹೂಲಾಕ್ ಗಿಬ್ಬನ್‌ಗೆ 38 ವರ್ಣತಂತು, ಅದರ ಮೂರು ಬಗೆಯ ಹತ್ತಿರದ ನೆಂಟರಿಗೆ 44, 50, 52. ಅಲ್ಲಿ ತಂತುಗಳನ್ನು ಇಸ್ಪೀಟೆಲೆಯಂತೆ ಕಲಸಿಬಿಟ್ಟ ಹಾಗಿದೆ. ಅಷ್ಟಾದರೂ 1970ರ ದಶಕದಲ್ಲಿ ಅಮೆರಿಕದ ಅಟ್ಲಾಂಟ ನಗರದ ಮೃಗಾಲಯದಲ್ಲಿ ಒಂದೇ ಪಂಜರದಲ್ಲಿದ್ದ 44ರ ಗಿಬ್ಬನ್ನಿಗೂ 50ರ ಸಯಾಮಂಗ್‌ಗೂ 47ರ ಜೀವಂತ ಮರಿ ಹುಟ್ಟಿತು.

ಅದೇ ದಶಕದಲ್ಲಿ ಆಲಿವರ್ ಎಂಬ ಚಿಂಪಾಂಜಿ ಅಮೆರಿಕದ ಪತ್ರಿಕೆಗಳಲ್ಲಿ ಮೆರೆಯಿತು. ಎರಡೇ ಕಾಲಿನಲ್ಲಿ ನಡೆಯುತ್ತಿದ್ದ ಅದಕ್ಕೆ 47 ವರ್ಣತಂತುಗಳಿವೆ, ಅದು ಮನುಷ್ಯನಿಗೂ ಚಿಂಪಾಂಜಿಗೂ ಹುಟ್ಟಿದ್ದು ಎಂದು ಪುಕಾರು. 1996ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಎಣಿಸಿ ನೋಡಿದಾಗ 48 ಇದ್ದವು. ಬಡಪಾಯಿ ಆಲಿವರ್ ಅಪ್ಪಟ ಚಿಂಪಾಂಜಿಯೇ ಆಗಿತ್ತು.

ಹೊಳೆಯ ಆಚೆ, ಹೊಳೆಯ ಈಚೆ

ಪ್ರಭೇದವನ್ನು ಮಾಡುವುದು ಅಂಕೆಯಲ್ಲವಾದರೆ ಇನ್ನೇನು? ಮೊದಲು ಬೇಕಾದದ್ದು ಅಗಲಿಕೆ. ಮಧ್ಯ ಆಫ್ರಿಕದಲ್ಲಿ ಕಾಂಗೊ ಎಂಬ ಮಹಾನದಿ ಬಿಲ್ಲಿನಂತೆ ಬಾಗಿ ಹರಿಯುತ್ತದೆ. ಅದರ ಉತ್ತರಕ್ಕೆ ಚಿಂಪಾಂಜಿ, ದಕ್ಷಿಣಕ್ಕೆ ಬೊನೊಬೊ. ಎರಡಕ್ಕೂ ಈಜು ಬರುವುದಿಲ್ಲ. ಎಂದೋ ನೀರು ಇಳಿದಿದ್ದ ಕಾಲದಲ್ಲಿ ಒಂದು ಗುಂಪು ದಕ್ಷಿಣಕ್ಕೆ ದಾಟಿತು, ಆಮೇಲೆ ದಾರಿ ಮುಚ್ಚಿತು ಎಂಬುದು ತಜ್ಞರಲ್ಲಿ ಹಲವರ ಊಹೆ. ಅಗಲಿ ಹತ್ತರಿಂದ ಇಪ್ಪತ್ತು ಲಕ್ಷ ವರ್ಷಗಳಾಗಿರಬಹುದು. ಉತ್ತರದಲ್ಲಿ ಗಂಡುಗಳ ದರ್ಬಾರು, ನೆರೆಯ ಗುಂಪಿನೊಡನೆ ಕಾದಾಟ. ದಕ್ಷಿಣದಲ್ಲಿ ಹೆಣ್ಣುಗಳ ಒಗ್ಗಟ್ಟು, ಜಗಳ ಕಡಿಮೆ. ವರ್ಣತಂತು ಮಾತ್ರ ಎರಡಕ್ಕೂ 48. 1929ರವರೆಗೆ ಬೊನೊಬೊ ಎಂಬ ಬೇರೆ ಪ್ರಾಣಿ ಇದೆಯೆಂದೇ ವಿಜ್ಞಾನಕ್ಕೆ ಗೊತ್ತಿರಲಿಲ್ಲ. ಬೆಲ್ಜಿಯಂನ ವಸ್ತುಸಂಗ್ರಹಾಲಯವೊಂದರಲ್ಲಿದ್ದ ತಲೆಬುರುಡೆ ನೋಡಿ ಅದನ್ನು ಬೇರೆ ಎಂದು ಗುರುತಿಸಿದರು.

ನಮ್ಮ ದೇಶದಲ್ಲೂ ನದಿಗಳು ಇಂಥ ಗಡಿ ಹಾಕಿದ್ದವು. ರೀಸಸ್ ಕೋತಿ ಉತ್ತರಕ್ಕೆ, ಬಾನೆಟ್ ಕೋತಿ ದಕ್ಷಿಣಕ್ಕೆ. ನಡುವೆ ಪಶ್ಚಿಮದಲ್ಲಿ ತಾಪಿ, ಪೂರ್ವದಲ್ಲಿ ಗೋದಾವರಿ ಎಂದು ಹಳೆಯ ಪುಸ್ತಕಗಳು ಬರೆದಿವೆ. 2011ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಗಡಿ ಉಳಿದಿಲ್ಲ. ರೀಸಸ್ ದಕ್ಷಿಣಕ್ಕೆ ನುಗ್ಗುತ್ತಿದೆ, ಬಾನೆಟ್ ಹಿಂದೆ ಸರಿಯುತ್ತಿದೆ. ಬೀದಿಯಲ್ಲಿ ಕಂಡರೆ ಕಲ್ಲು ಬೀರುವ ನಮ್ಮ ಕೋತಿ ದಕ್ಷಿಣ ಭಾರತದ ಹೊರಗೆ ಇನ್ನೆಲ್ಲೂ ನೈಸರ್ಗಿಕವಾಗಿ ಇಲ್ಲ ಎಂಬುದನ್ನು ನೆನಪಿಡಬೇಕು.

ಅಗಲಿಕೆಯಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ. ಅಗಲಿದವರು ಮತ್ತೆ ಎದುರಾದಾಗ ಏನಾಗುತ್ತದೆ ಎಂಬುದೇ ಪರೀಕ್ಷೆ. ಕಿಲಿಮಂಜಾರೊ ಪರ್ವತದ ಬುಡದಲ್ಲಿ, ಕೀನ್ಯಾ ದೇಶದ ಅಂಬೊಸೆಲಿಯಲ್ಲಿ, ಹಳದಿ ಬಬೂನ್ ಮತ್ತು ಆನುಬಿಸ್ ಬಬೂನ್ ಎಂಬ ಎರಡು ಪ್ರಭೇದಗಳು ಕೂಡುತ್ತವೆ. 1971ರಿಂದ ಅಲ್ಲಿ ಒಂದೊಂದು ಪ್ರಾಣಿಯನ್ನೂ ಗುರುತಿಟ್ಟು, ತಲೆಮಾರು ತಲೆಮಾರಾಗಿ ನೋಡುತ್ತಾ ಬಂದಿದ್ದಾರೆ. ಬೆರಕೆ ಮರಿಗಳು ಗಟ್ಟಿಮುಟ್ಟು, ಅವುಗಳಿಗೆ ಮಕ್ಕಳೂ ಆಗುತ್ತವೆ. ಕಣ್ಣಿಗೆ ಯಾವ ಕುಂದೂ ಕಾಣದು. ಆದರೆ 2022ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಬೇರೆಯದೇ ಕಥೆ ಹೇಳಿತು. ಬೆರಕೆಯಿಂದ ಬಂದ ಅನ್ಯ ಡಿಎನ್‌ಎ ಎಲ್ಲ ಜಾಗಗಳಲ್ಲೂ ಸಮನಾಗಿ ಉಳಿದಿಲ್ಲ. ಜೀನುಗಳು ಒತ್ತಾಗಿರುವ ಮುಖ್ಯ ಜಾಗಗಳಿಂದ ಅದನ್ನು ನೈಸರ್ಗಿಕ ಆಯ್ಕೆ ನಿಧಾನವಾಗಿ ಹೊರದೂಡಿದೆ. ಅರ್ಧ ಶತಮಾನ ಹೊಲದಲ್ಲಿ ಕೂತು ನೋಡಿದರೂ ಕಾಣದ ಅಡಚಣೆ ಡಿಎನ್‌ಎ ಓದಿದಾಗ ಕಂಡಿತು.

ಈ ಅಡಚಣೆ ಹುಟ್ಟುವ ಬಗೆ ಸೋಜಿಗದ್ದು. ಪ್ರತಿ ಮಗುವೂ ತಂದೆ ತಾಯಿ ಇಬ್ಬರಲ್ಲೂ ಇಲ್ಲದ ಸುಮಾರು 60ರಿಂದ 70 ಹೊಸ ಅಕ್ಷರ ವ್ಯತ್ಯಾಸಗಳೊಡನೆ ಹುಟ್ಟುತ್ತದೆ. ಬಹುಪಾಲು ಯಾವ ಪರಿಣಾಮವೂ ಇಲ್ಲದವು. ಹೊಳೆಯ ಈಚೆಯ ಗುಂಪಿನಲ್ಲಿ ಅವುಗಳಲ್ಲೊಂದು ನೆಲೆಯೂರುತ್ತದೆ, ಆಚೆಯ ಗುಂಪಿನಲ್ಲಿ ಇನ್ನೊಂದು. ಈಚೆಯದು ಈಚೆಯ ಜೀನುಗಳೊಡನೆ ಹೊಂದಿಕೊಂಡಿದೆ, ಆಚೆಯದು ಆಚೆಯವುಗಳೊಡನೆ. ಎರಡೂ ಒಂದೇ ಮಗುವಿನೊಳಗೆ ಮೊದಲ ಬಾರಿಗೆ ಎದುರಾದಾಗ ತಾಳ ತಪ್ಪುತ್ತದೆ. ಬೇರೆ ಬೇರೆ ಮನೆಗಳಲ್ಲಿ ಸರಿಯಾಗಿಯೇ ಇದ್ದ ಬೀಗವೂ ಬೀಗದಕೈಯೂ ಒಂದಕ್ಕೊಂದು ಕೂರದ ಹಾಗೆ. ಒಂದೇ ದೊಡ್ಡ ಉತ್ಪರಿವರ್ತನೆ ಪ್ರಭೇದವನ್ನು ಸೀಳಬೇಕಾಗಿಲ್ಲ. ಇಂಥ ಸಣ್ಣ ಮುನಿಸುಗಳು ನೂರಾರು ಕೂಡಿದರೆ ಸಾಕು.

ಮನುಷ್ಯನ ಕವಲಿನಲ್ಲಿ ಅಂಥ ಒಂದು ಮುನಿಸಿನ ಜಾಡು ಹಿಡಿದವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಅಜಿತ್ ವಾರ್ಕಿ. ಚಿಂಪಾಂಜಿ, ಗೊರಿಲ್ಲಗಳ ಕೋಶಗಳ ಮೈಮೇಲೆ ಒಂದು ಬಗೆಯ ಸಯಾಲಿಕ್ ಆಮ್ಲ ಇರುತ್ತದೆ. ಅದನ್ನು ತಯಾರಿಸುವ ಜೀನು ಮನುಷ್ಯನಲ್ಲಿ ತುಂಡಾಗಿ ಕೆಟ್ಟಿದೆ ಎಂದು 1998ರಲ್ಲಿ ಅವರ ತಂಡ ತೋರಿಸಿತು. ಕೆಟ್ಟದ್ದು ಇಪ್ಪತ್ತು ಮೂವತ್ತು ಲಕ್ಷ ವರ್ಷಗಳ ಹಿಂದೆ. ಆ ಆಮ್ಲ ತನ್ನ ಮೈಯಲ್ಲೇ ಇಲ್ಲದ ಹೆಣ್ಣಿಗೆ ಅದು ಪರಕೀಯ ವಸ್ತು. ಆಮ್ಲವಿರುವ ಗಂಡಿನ ವೀರ್ಯಾಣುವನ್ನು ಅವಳ ರೋಗನಿರೋಧಕ ಶಕ್ತಿ ಸೋಂಕು ಎಂದು ಬಗೆದು ಕೊಲ್ಲಬಹುದಲ್ಲವೇ? 2011ರಲ್ಲಿ ಇದನ್ನು ಇಲಿಗಳ ಮೇಲೆ ನೋಡಿದರು. ಆ ಆಮ್ಲದ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡ ಹೆಣ್ಣಿಲಿಗಳಿಗೆ ಆಮ್ಲವುಳ್ಳ ಗಂಡುಗಳಿಂದ ಮರಿಗಳಾಗುವುದು ಕಡಿಮೆಯಾಯಿತು. ನಮ್ಮ ಪೂರ್ವಜರಲ್ಲಿ ನಡೆದದ್ದೂ ಇದೇ ಎಂದು ಸಾಧಿಸಲು ಇದು ಸಾಲದು. ಒಂದೇ ಒಂದು ಕೆಟ್ಟ ಜೀನು ಗಂಡುಹೆಣ್ಣಿನ ನಡುವೆ ಗೋಡೆ ಎಬ್ಬಿಸಬಲ್ಲದು ಎಂಬುದಂತೂ ಕಂಡಿತು.

ಅಂಕೆ ಕೂಡಿತು, ಆದರೂ

ಇಷ್ಟಾದ ಮೇಲೆ ಎರಡನೆಯ ವರ್ಣತಂತುವಿನ ಬೆಸುಗೆ ಎಂದು ಆಯಿತು? ಮನುಷ್ಯ ಚಿಂಪಾಂಜಿಗಳ ಕವಲು ಒಡೆದದ್ದು ಸುಮಾರು 60, 70 ಲಕ್ಷ ವರ್ಷಗಳ ಹಿಂದೆ. ಸೈಬೀರಿಯದ ಡೆನಿಸೋವ ಗುಹೆಯಲ್ಲಿ ಸಿಕ್ಕ ಬೆರಳಿನ ಮೂಳೆಯ ಚೂರಿನಿಂದ ಪಡೆದ ಡಿಎನ್‌ಎಯನ್ನು 2012ರಲ್ಲಿ ಪೂರ್ತಿಯಾಗಿ ಓದಿದಾಗ ಆ ಪ್ರಾಚೀನ ಮಾನವರಲ್ಲೂ ಬೆಸುಗೆ ಇತ್ತೆಂದು ತಿಳಿಯಿತು. ಡೆನಿಸೋವದವರೂ ನಿಯಾಂಡರ್ತಾಲರೂ ನಮ್ಮಿಂದ ಅಗಲಿ ಐದು ಲಕ್ಷ ವರ್ಷಗಳಿಗೂ ಹೆಚ್ಚಾಯಿತು. ಆದ್ದರಿಂದ ಬೆಸುಗೆ ಅದಕ್ಕೂ ಹಿಂದಿನದು. ಚಿಂಪಾಂಜಿಯಿಂದ ನಾವು ಬೇರೆಯಾಗಲು ಅದೇ ಕಾರಣ ಎಂದು ಹೇಳುವುದಕ್ಕೆ ಆಧಾರವಿಲ್ಲ. ಕವಲೊಡೆದು ಎಷ್ಟೋ ಕಾಲವಾದ ಮೇಲೆ, ಆಗಲೇ ಬೇರೆಯಾಗಿದ್ದ ಸಣ್ಣ ಗುಂಪೊಂದರಲ್ಲಿ ಅದು ಆಕಸ್ಮಿಕವಾಗಿ ನೆಲೆಯೂರಿರಬಹುದು.

ನಿಯಾಂಡರ್ತಾಲರು ಡೆನಿಸೋವದವರ ಒಡಹುಟ್ಟಿನ ಕವಲು. ಆದ್ದರಿಂದ ಅವರಿಗೂ 46 ಇದ್ದಿರಬೇಕು. ಆಫ್ರಿಕದಿಂದ ಹೊರಬಂದ ನಮ್ಮ ಪೂರ್ವಜರು ಅವರನ್ನು ಕೂಡಿದರು. 2024ರಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ ಈ ಕೂಡುವಿಕೆ ಸುಮಾರು 50,500 ವರ್ಷಗಳ ಹಿಂದೆ ಶುರುವಾಗಿ ಏಳು ಸಾವಿರ ವರ್ಷ ನಡೆಯಿತು. ಎರಡೂ ಕಡೆ 46, ಅಂಕೆಯ ಅಡ್ಡಿಯಿಲ್ಲ. ಆದರೆ 2014ರಲ್ಲಿ ಶ್ರೀರಾಮ್ ಶಂಕರರಾಮನ್ ಮತ್ತು ಸಂಗಡಿಗರು ಇಂದಿನ ಜನರ ಡಿಎನ್‌ಎ ಜಾಲಾಡಿದಾಗ ನಿಯಾಂಡರ್ತಾಲ್ ಅಂಶ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಎಕ್ಸ್ ವರ್ಣತಂತುವಿನಲ್ಲಿ ಅದು ಉಳಿದ ತಂತುಗಳಲ್ಲಿರುವುದರ ಐದನೆಯ ಒಂದು ಭಾಗದಷ್ಟು ಮಾತ್ರ. ವೃಷಣದಲ್ಲಿ ಕೆಲಸ ಮಾಡುವ ಜೀನುಗಳಲ್ಲಿಯೂ ತೀರ ಕಡಿಮೆ. ಹಾಗೆಂದರೆ ಆ ಬೆರಕೆ ಮನೆಗಳಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಹಲವರಿಗೆ ಸಂತಾನದ ತೊಂದರೆಯಿದ್ದಿರಬೇಕು ಎಂದು ಅವರು ಊಹಿಸಿದರು. ಹೆಣ್ಣುಮಕ್ಕಳ ವಂಶ ಬಹುಮಟ್ಟಿಗೆ ಮುಂದುವರಿಯಿತು. ಆಫ್ರಿಕದ ಹೊರಗಿನ ಜನರೆಲ್ಲರಲ್ಲೂ, ನಮ್ಮನ್ನೂ ಸೇರಿಸಿ, ಡಿಎನ್‌ಎಯ ನೂರರಲ್ಲಿ ಒಂದೆರಡು ಪಾಲು ಈಗಲೂ ಅವರದೇ.